ಎರಡು ಇಂಚು ಎಲ್ಲಿಂದ ಬಂತು?

ಹಾನುಬಾಳಿನಿಂದ ಆಚೆಗೆ ನಮ್ಮ ಭಾವನ ಕಾಫಿ ತೋಟ. ಟಾರು ರಸ್ತೆ ಬಿಟ್ಟ ಮೇಲೆ ಮನೆಗೆ ಎರಡು ಕಿಲೋಮೀಟರ್ ಮಣ್ಣುದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ದಾರಿ ಎಂದರೂ ಸರಿ, ಹಳ್ಳ ಎಂದರೂ ಸರಿ. ಭಾವನದು ಫಾರ್ಚುನರ್, ಫೋರ್ ಬೈ ಫೋರ್. ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ಹುಟ್ಟಿದ ಗಾಡಿ, ಬಾಳಿದ್ದೆಲ್ಲ ಮಲೆನಾಡಿನ ಕೆಸರಿನಲ್ಲಿ. ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಫೋನ್ ಮಾಡಿದರು.

"ಗಾಡಿ ಅಡಿ ಬಡೀತಾ ಇದೆ ಕಣಯ್ಯ. ಎರಡಿಂಚು ಎತ್ತಿಸ್ಬೇಕು. ಒಬ್ಬ ನಾಲ್ಕು ಸಾವಿರಕ್ಕೆ ಮಾಡಿಕೊಡ್ತೀನಿ ಅಂತಾನೆ, ಇನ್ನೊಬ್ಬ ಒಂದೂವರೆ ಲಕ್ಷ ಅಂತಾನೆ. ಇಬ್ಬರದೂ ಎರಡೇ ಇಂಚು. ನೀನು ವಿಜ್ಞಾನ ಬರೆಯೋನಲ್ವಾ, ಅದ್ಯಾಕೆ ಅಂತ ಹೇಳು."

ಬೆಲೆಯ ಅಂತರ ನೋಡಿ ಒಬ್ಬ ಕಳ್ಳ ಎಂದು ತೀರ್ಮಾನಿಸುವುದು ಸುಲಭ. ಯಾರು ಎನ್ನುವುದು ಮಾತ್ರ ಅವರವರ ಜೇಬಿಗೆ ಬಿಟ್ಟದ್ದು. ನನಗೆ ಅನ್ನಿಸಿದ್ದು ಬೇರೆ. ಇಬ್ಬರೂ ಎರಡು ಇಂಚು ಕೊಡುವುದು ನಿಜ, ಆದರೆ ಇಬ್ಬರೂ ಅದನ್ನು ಒಂದೇ ಕಡೆಯಿಂದ ತರುತ್ತಿಲ್ಲ. ಗಾಡಿಯ ಎತ್ತರ ಯಾವಾಗಲೂ ಸಾಲದ ಬಾಬತ್ತು. ಯಾರ ಹತ್ತಿರ ಸಾಲ ಎತ್ತಿದ್ದೇವೆ ಎಂಬುದರ ಮೇಲೆ ಬಡ್ಡಿ.

ಇದನ್ನು ತಿಳಿಯಲು ತೋಟ ಬಿಟ್ಟು ಹೋಗಬೇಕಾಗಿಲ್ಲ. ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗುವುದನ್ನು ನೋಡಿದ್ದೀರಾ? ಮೂರು ಗಳು ಸೇರಿಸಿ ಕಟ್ಟಿ, ನಡುವೆ ಹಗ್ಗದಲ್ಲಿ ಸ್ಪ್ರಿಂಗ್ ತಕ್ಕಡಿ ನೇತುಹಾಕಿ, ಕೊಕ್ಕೆಗೆ ಚೀಲ ಸಿಕ್ಕಿಸುತ್ತಾರೆ. ಒಮ್ಮೊಮ್ಮೆ ಚೀಲದ ತಳ ನೆಲಕ್ಕೆ ತಾಗಿ ತೂಕ ತಪ್ಪಾಗುತ್ತದೆ. ಆಗ ರೈಟರು ಮೇಲಿನ ಹಗ್ಗವನ್ನು ಒಂದು ಸುತ್ತು ಸುತ್ತಿ ಮೋಟು ಮಾಡುತ್ತಾನೆ. ಚೀಲ ನಾಲ್ಕು ಬೆರಳು ಮೇಲೇಳುತ್ತದೆ. ಮುಳ್ಳು ಮಾತ್ರ ಅದೇ ತೂಕ ತೋರಿಸುತ್ತದೆ. ಸ್ಪ್ರಿಂಗು ಒಂದು ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಎಳೆದುಕೊಂಡಿಲ್ಲ. ನಾಲ್ಕು ಸಾವಿರದ ಲಿಫ್ಟ್ ಎಂದರೆ ಇದೇ, ಹಗ್ಗ ಮೋಟು ಮಾಡುವ ಕೆಲಸ. ಇನ್ನೊಂದು ದಾರಿಯೂ ಉಂಟು: ತಕ್ಕಡಿಯನ್ನೇ ಬದಲಿಸಿ ಪೆಡಸು ಸ್ಪ್ರಿಂಗಿನದನ್ನು ತಂದರೆ ಅದೇ ಚೀಲ ಅದನ್ನು ಅಷ್ಟು ಎಳೆಯಲಾರದು, ತಳ ತಾನಾಗಿಯೇ ಮೇಲೆ ನಿಲ್ಲುತ್ತದೆ. ಲಕ್ಷದ ಕಿಟ್ಟಿನ ಕಾಲುಭಾಗ ಇಲ್ಲಿದೆ. ಮಿಕ್ಕ ಮುಕ್ಕಾಲು ಎಲ್ಲಿ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಎಷ್ಟು ಭಾರವೋ ಅಷ್ಟು ಎಳೆತ, ಇಮ್ಮಡಿ ಭಾರಕ್ಕೆ ಇಮ್ಮಡಿ ಎಳೆತ. ತಕ್ಕಡಿಯ ಪಟ್ಟಿಯ ಮೇಲೆ ಗೆರೆಗಳು ಸಮದೂರದಲ್ಲಿರುವುದು ಇದರಿಂದಲೇ. ಈ ನಿಯಮವನ್ನು ಕಂಡುಕೊಂಡ ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಅದನ್ನು ಅಕ್ಷರಗಳ ಕಲಸುಮೇಲೋಗರವಾಗಿ ಅಚ್ಚುಹಾಕಿಸಿದ. ಮೊದಲು ಕಂಡವನು ನಾನೇ ಎಂಬ ದಾಖಲೆಯೂ ಇರಬೇಕು, ಗುಟ್ಟೂ ಹೊರಬೀಳಬಾರದು! ಒಗಟನ್ನು ಅವನೇ ಬಿಡಿಸಿ ಹೇಳಿದ್ದು 1678ರಲ್ಲಿ. ಗಾಡಿಯ ಸ್ಪ್ರಿಂಗು ಎಳೆಯುವುದಿಲ್ಲ, ಕುಗ್ಗುತ್ತದೆ. ನಿಯಮ ಅದೇ.

ಹಾಸನದ ಗ್ಯಾರೇಜಿನಲ್ಲಿ ಮೇಸ್ತ್ರಿ ಮುಂದಿನ ಎಡ ಚಕ್ರ ಬಿಚ್ಚಿ ಒಳಗಿನದನ್ನು ತೋರಿಸಿದರು. ಮೇಲೊಂದು ಕೆಳಗೊಂದು ತ್ರಿಕೋನದ ಆರ್ಮ್. ಕೆಳಗಿನ ಆರ್ಮ್ ಮೇಲೆ ನಿಂತಿದೆ ಸ್ಪ್ರಿಂಗು, ಅದರ ಹೊಟ್ಟೆಯೊಳಗೆ ತೂರಿಕೊಂಡಿದೆ ಶಾಕ್ ಅಬ್ಸಾರ್ಬರು. ನಾಲ್ಕು ಸಾವಿರದ ಸರಕನ್ನು ಭಾವ ಆಗಲೇ ತಂದುಬಿಟ್ಟಿದ್ದರು: ಪಾಲಿಯುರೆಥೇನಿನ ಹಳದಿ ಬಿಲ್ಲೆಗಳು, ಅಂಗೈಯಗಲ, ಒಂದು ಇಂಚು ದಪ್ಪ.

"ಇದು ಒಂದೇ ಇಂಚು ಇದೆಯಲ್ರೀ. ಎರಡಿಂಚು ಅಂದಿದ್ದ?"

"ಒಂದಿಂಚು ಹಾಕಿದ್ರೆ ಎರಡಿಂಚು ಏಳುತ್ತೆ ಗೌಡ್ರೆ," ಎಂದರು ಮೇಸ್ತ್ರಿ.

ಸುಳ್ಳಲ್ಲ. ಕೆಳಗಿನ ಆರ್ಮಿನ ಒಂದು ತುದಿ ಚಾಸಿಗೆ ಕೀಲು ಹಾಕಿದೆ, ಇನ್ನೊಂದು ತುದಿಯಲ್ಲಿ ಚಕ್ರ. ಸ್ಪ್ರಿಂಗು ನಿಂತಿರುವುದು ಹೆಚ್ಚುಕಡಿಮೆ ನಡುವೆ. ನಮ್ಮ ಏತದ ಮರದ ಹಾಗೆ, ಕೀಲಿನ ಹತ್ತಿರ ಗೇಣು ಸರಿದರೆ ತುದಿ ಮೊಳ ಸರಿಯುತ್ತದೆ. ನಡುವೆ ಒಂದು ಇಂಚು ಕೆಳಗೆ ತಳ್ಳಿದರೆ ಚಕ್ರ ಎರಡು ಇಂಚು ಕೆಳಗೆ ಹೋಗುತ್ತದೆ, ಅಂದರೆ ಗಾಡಿ ಎರಡು ಇಂಚು ಮೇಲೇಳುತ್ತದೆ. ಏತ ಪುಕ್ಕಟೆ ಕೆಲಸ ಮಾಡುವುದಿಲ್ಲವಲ್ಲ: ಚಕ್ರದ ಮೇಲೆ 600 ಕಿಲೋ ಇದ್ದರೆ ಸ್ಪ್ರಿಂಗಿನ ನೆತ್ತಿಯ ಮೇಲೆ 1200 ಕಿಲೋ. ಸ್ಪ್ರಿಂಗಿನ ಪೆಡಸುತನ ಚಕ್ರಕ್ಕೆ ಮುಟ್ಟುವುದೂ ಕಾಲುಪಾಲು ಮಾತ್ರ, ದೂರದಲ್ಲಿ ಒಂದು ಅರ್ಧ, ಬಲದಲ್ಲಿ ಇನ್ನೊಂದು ಅರ್ಧ ಕಳೆದು.

ಈ ಬಿಲ್ಲೆಯನ್ನು ಎರಡು ಕಡೆ ಇಡಬಹುದು. ಅಂಗಡಿಯವನು ಯಾವ ಕಡೆಯದು ಎಂದು ಹೇಳುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ. ಆದರೆ ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ. ಮೊದಲನೆಯದು ಒಳಗಡೆ, ಸ್ಪ್ರಿಂಗಿನ ತಲೆಗೂ ಅದರ ಬಟ್ಟಲಿಗೂ ನಡುವೆ. ಹೀಗೆ ಅಮುಕಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹುಕ್ ಒಪ್ಪುವುದಿಲ್ಲ. ಗಾಡಿಯ ತೂಕ ಅಷ್ಟೇ, ಸ್ಪ್ರಿಂಗು ಅದೇ. ಗಾಡಿ ನಿಂತಾಗ ಅದು ಕುಗ್ಗಿರುವುದೂ ಮೊದಲಿನಷ್ಟೇ. ಬದಲಾದದ್ದು ಶಾಕ್ ಅಬ್ಸಾರ್ಬರಿನ ಸ್ಥಿತಿ, ಅದರ ಸರಳು ಅಷ್ಟು ಹೊರಗೆ ಎಳೆದುಕೊಂಡು ನಿಂತಿದೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಚಕ್ರಕ್ಕೆ ಒಟ್ಟು 200 ಮಿಲಿಮೀಟರ್ ಓಡಾಟವಿದೆ, ನಿಂತಾಗ ಮೇಲಕ್ಕೆ 100, ಕೆಳಕ್ಕೆ 100 ಎಂದಿಟ್ಟುಕೊಳ್ಳಿ. ಎರಡು ಇಂಚು, ಅಂದರೆ 50 ಮಿಲಿಮೀಟರ್ ಎತ್ತಿದ ಮೇಲೆ ಮೇಲಕ್ಕೆ 150, ಕೆಳಕ್ಕೆ ಬರೀ 50. ಗುಂಡಿ ಬಂದಾಗ ಚಕ್ರ ನೆಲವನ್ನು ಹುಡುಕಿಕೊಂಡು ಇಳಿಯಬೇಕು. ಅರ್ಧ ದಾರಿಯಲ್ಲೇ ಸರಳು ಕೊನೆ ಮುಟ್ಟಿ 'ಠಕ್' ಎನ್ನುತ್ತದೆ. ಲಿಫ್ಟ್ ಮಾಡಿಸಿದ ಗಾಡಿಯವರು ಹಂಪ್ ದಾಟಿದ ಮೇಲೆ ಮುಖ ಸಿಂಡರಿಸುವುದು ಈ ಸದ್ದಿಗೆ.

ಎರಡನೆಯ ಜಾಗ ಹೊರಗಡೆ, ಇಡೀ ಜೋಡಣೆಯ ನೆತ್ತಿಗೂ ಚಾಸಿಗೂ ನಡುವೆ. ಇಲ್ಲಿ ಶಾಕಿಗೆ ತನ್ನ ಪಾಲಿನ ಓಡಾಟ ಪೂರ್ತಿ ಸಿಗುತ್ತದೆ. ಬಡ್ಡಿ ಬೀಳುವುದು ನೆರೆಯವರ ಮೇಲೆ. ಚಕ್ರ ಈಗ ಕಾರ್ಖಾನೆಯವರು ಅಂದುಕೊಂಡದ್ದಕ್ಕಿಂತ 50 ಮಿಲಿಮೀಟರ್ ಕೆಳಗಿನವರೆಗೂ ಜೋತುಬೀಳಬಲ್ಲದು. ಬ್ರೇಕಿನ ರಬ್ಬರ್ ಹೋಸ್ ಎಳೆದುಕೊಳ್ಳುತ್ತದೆ, ಬಾಲ್ ಜಾಯಿಂಟು ತನ್ನ ಬಟ್ಟಲಿನ ಅಂಚಿಗೆ ಒತ್ತುತ್ತದೆ, ಎಂಜಿನ್ ಬಲವನ್ನು ಮುಂದಿನ ಚಕ್ರಕ್ಕೆ ಒಯ್ಯುವ ಆಕ್ಸಲ್ಲಿನ ಸಿ.ವಿ. ಜಾಯಿಂಟು ಹೆಚ್ಚು ಬಾಗಿ ತಿರುಗಬೇಕಾಗುತ್ತದೆ. ಅದರ ರಬ್ಬರ್ ಬೂಟು ಸವೆದು ಹರಿದರೆ ಒಳಗಿನ ಗ್ರೀಸ್ ಹೊರಗೆ, ಹೊರಗಿನ ಕೆಸರು ಒಳಗೆ. ಆಮೇಲೆ ತಿರುವಿನಲ್ಲಿ ಕಟಕಟ ಸದ್ದು. ಇನ್ನೊಂದು ತುದಿಯಲ್ಲೂ ಎಡವಟ್ಟು: ದೊಡ್ಡ ಹೊಡೆತ ಬಿದ್ದಾಗ ರಬ್ಬರ್ ಬಫರ್ ಮೊದಲು ತಾಗಿ ಏಟು ತಿನ್ನಬೇಕು, ಅದಕ್ಕಾಗಿಯೇ ಇಟ್ಟಿರುವುದು. ಬಿಲ್ಲೆ ಹಾಕಿದ ಮೇಲೆ ಬಫರ್ ತಾಗುವ ಮುಂಚೆಯೇ ಶಾಕ್ ತಳ ಮುಟ್ಟಬಹುದು.

ಹಾಗಾದರೆ ಬಿಲ್ಲೆ ಮೋಸವೇ? ನನ್ನ ಪ್ರಕಾರ ಅಲ್ಲ. ಟಾರು ರಸ್ತೆಯಲ್ಲಿ ಓಡುವ ಗಾಡಿಗೆ, ಮೂಗು ಕೊಂಚ ಬಗ್ಗಿದ್ದನ್ನು ಸರಿಮಾಡಲು ಅರ್ಧ ಇಂಚಿನ ಬಿಲ್ಲೆ ಹಾಕಿ, ಅಲೈನ್‌ಮೆಂಟ್ ಮಾಡಿಸಿಕೊಂಡರೆ ಅದು ಅಗ್ಗದ ಪ್ರಾಮಾಣಿಕ ಸರಕು. ಆದರೆ ಎರಡು ಇಂಚು ಬೇಕೆನ್ನುವವರು ಗುಂಡಿ ದಾರಿಯವರು, ಗುಂಡಿ ದಾರಿಯಲ್ಲೇ ಅದು ಕೈಕೊಡುವುದು.

ಇನ್ನು ಪೆಡಸು ಸ್ಪ್ರಿಂಗು. ಕಾಯಿಲ್ ಸ್ಪ್ರಿಂಗಿನಲ್ಲಿ ಕಣ್ಣಿಗೆ ಮೋಸ ಮಾಡುವ ಒಂದು ಸಂಗತಿ ಇದೆ. ಅದರ ಪೆಡಸುತನ ಸರಳಿನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ ಅಷ್ಟೇ ಇಟ್ಟು ದಪ್ಪವನ್ನು ಎರಡರಷ್ಟು ಮಾಡಿದರೆ ಪೆಡಸು ಹದಿನಾರು ಪಟ್ಟು. 15 ಮಿಲಿಮೀಟರ್ ಸರಳಿನ ಬದಲು 16 ಮಿಲಿಮೀಟರ್‌ನದು ಹಾಕಿದರೆ, ವರ್ನಿಯರ್ ಇಲ್ಲದೆ ಗೊತ್ತಾಗದ ವ್ಯತ್ಯಾಸ, ಶೇ. 29ರಷ್ಟು ಹೆಚ್ಚು ಪೆಡಸು. ಹಾಗಾಗಿ 'ನೋಡೋಕೆ ಒಂದೇ ಥರ ಇದೆ' ಎಂದು ಸ್ಪ್ರಿಂಗು ಕೊಳ್ಳುವುದು ಬಣ್ಣ ನೋಡಿ ಔಷಧಿ ಕೊಂಡಂತೆ.

ಪೆಡಸು ಹೆಚ್ಚಿದರೆ ಸೊಂಟಕ್ಕೆ ಏನಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದು. ಸ್ಪ್ರಿಂಗಿನ ಮೇಲೆ ಕೂತ ಭಾರ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎಂಬುದು, ನಿಂತಾಗ ಅದು ಸ್ಪ್ರಿಂಗನ್ನು ಎಷ್ಟು ಕುಗ್ಗಿಸಿದೆ ಎಂಬುದೊಂದರಿಂದಲೇ ಗೊತ್ತಾಗುತ್ತದೆ. ಚಕ್ರದ ಬಳಿ ಅಳೆದಾಗ 25 ಸೆಂಟಿಮೀಟರ್ ಕುಗ್ಗಿದ್ದರೆ ಸೆಕೆಂಡಿಗೆ ಒಂದು ಸಲ, 11 ಸೆಂಟಿಮೀಟರ್ ಆದರೆ ಒಂದೂವರೆ ಸಲ. ಗಾಡಿ ಮಾಡುವವರು ಸಾಮಾನ್ಯವಾಗಿ ಇದರ ನಡುವೆ ಎಲ್ಲೋ ನಿಲ್ಲಿಸುತ್ತಾರೆ, ಯಾಕೆಂದರೆ ಕೂತ ಮೈಗೆ ಅತ್ಯಂತ ಹಿಂಸೆ ಕೊಡುವ ಅಲುಗಾಟ ಸೆಕೆಂಡಿಗೆ 4ರಿಂದ 8 ಸಲದ್ದು. ಅದರಿಂದ ದೂರ ಇದ್ದಷ್ಟೂ ಒಳ್ಳೆಯದು. ಶೇ. 29 ಪೆಡಸಾದರೆ 1.3 ಇದ್ದದ್ದು ಸುಮಾರು 1.5 ಆಗುತ್ತದೆ. ಖಾಲಿ ಗಾಡಿಯಲ್ಲಿ ಇದು ಚುಚ್ಚುತ್ತದೆ. ಅದೇ ಗಾಡಿಗೆ ಆರು ಮೂಟೆ ಹೇರಿ ನೋಡಿ, ಮತ್ತೆ ಮೆತ್ತಗಾಗುತ್ತದೆ. ಒಳ್ಳೆಯ ಕಿಟ್ ಮಾರುವವರು ಮೊದಲು ಕೇಳುವ ಪ್ರಶ್ನೆ 'ಎಷ್ಟು ಎತ್ತರ ಬೇಕು' ಎಂದಲ್ಲ, 'ದಿನಾ ಎಷ್ಟು ಭಾರ ಹೇರ್ತೀರಿ' ಎಂದು. ಕೇಳದೆ ಮಾರುವವರಿಂದ ಕೊಳ್ಳದಿರುವುದು ಕ್ಷೇಮ.

ಮಿಕ್ಕ ಮುಕ್ಕಾಲು ದುಡ್ಡು ಹೋಗುವುದು ಶಾಕ್ ಅಬ್ಸಾರ್ಬರಿಗೆ. ಹೆಸರೇ ತಪ್ಪು. ಏಟನ್ನು ನುಂಗುವುದು ಸ್ಪ್ರಿಂಗು. ನುಂಗಿದ್ದನ್ನು ಅದು ತಿರುಗಿ ಕಕ್ಕುವಾಗ ಹಿಡಿದು ನಿಲ್ಲಿಸುವುದು ಇದು. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳಿ ಬಿಸಿಯಾಗುತ್ತದೆ. ಗಾಡಿಯ ಕುಣಿತ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಕೆಟ್ಟ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಇಳಿದು, ಶಾಕಿನ ಮೈಗೆ ಹುಷಾರಾಗಿ ಬೆರಳು ತಾಗಿಸಿ ನೋಡಿ. ಪೆಡಸು ಸ್ಪ್ರಿಂಗು ಹಾಕಿ ಹಳೆಯ ಶಾಕನ್ನೇ ಉಳಿಸಿಕೊಂಡರೆ ಹೋರಿಗೆ ಹಗ್ಗ ಸಾಲದು ಎಂಬಂತಾಗುತ್ತದೆ. ಉದ್ದವೂ ಮುಖ್ಯ: ಎರಡು ಇಂಚು ಎತ್ತಿದ ಗಾಡಿಗೆ ಅಷ್ಟಕ್ಕೆ ತಕ್ಕ ಉದ್ದನೆಯ ಶಾಕ್ ಇದ್ದರೆ ಮಾತ್ರ ಕಳೆದುಕೊಂಡ ಕೆಳ ಓಡಾಟ ವಾಪಸ್ ಬರುತ್ತದೆ. ಈ ವಿದ್ಯೆಯಲ್ಲಿ ಪಳಗಿದವರು ಆಸ್ಟ್ರೇಲಿಯಾದವರು. ಮೆಲ್ಬರ್ನ್‌ನಲ್ಲಿ 1975ರಲ್ಲಿ ಶುರುವಾದ ಎ.ಆರ್.ಬಿ. ಕಂಪನಿಯ ಓಲ್ಡ್ ಮ್ಯಾನ್ ಎಮು ಶಾಕುಗಳು ಇಲ್ಲಿಯವರೆಗೂ ಬಂದಿವೆ. ಅವರ ಒಳನಾಡಿನ ಮಣ್ಣುರಸ್ತೆಗಳು ತಗಡಿನ ಶೀಟಿನ ಹಾಗೆ ಅಲೆಅಲೆಯಾಗಿ, ನೂರಾರು ಕಿಲೋಮೀಟರ್ ಉದ್ದಕ್ಕೂ. ಅಲ್ಲಿ ಅಗ್ಗದ ಶಾಕಿನೊಳಗಿನ ಎಣ್ಣೆ ಕಾದು ನೊರೆ ಎದ್ದು ಕೈಬಿಡುತ್ತದೆ. ಸ್ಪ್ರಿಂಗು ಅಗ್ಗ, ಬಿಲ್ಲೆ ಇನ್ನೂ ಅಗ್ಗ. ಬೆಲೆ ಇರುವುದು ಓಡಾಟಕ್ಕೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮೇಸ್ತ್ರಿ ಬೀಡಿ ಆರಿಸಿ ಒಂದು ಮಾತು ಕೇಳಿದರು. "ಅಲ್ಲ ಗೌಡ್ರೆ, ಬಡಿಯೋದು ಎಲ್ಲಿ?"

ಭಾವ ನನ್ನ ಮುಖ ನೋಡಿದರು. ನಾನು ಗಾಡಿಯ ಮುಖ ನೋಡಿದೆ. ಹುಕ್‌ವರೆಗೆ ಹೋಗಿಬಂದ ನನಗೆ ಅದನ್ನು ಕೇಳುವುದು ಹೊಳೆದಿರಲಿಲ್ಲ.

ಮಾರನೆಯ ದಿನ ತೋಟದಲ್ಲಿ ಒಂದು ಬಕೆಟ್ ಸುಣ್ಣ ಕಲಸಿ, ಗಾಡಿಯ ತಳಕ್ಕೆಲ್ಲ ಬಳಿದೆವು. ಒಣಗಿದ ಮೇಲೆ, ಮಾಮೂಲಿನಂತೆ ಆರು ಮೂಟೆ ಗೊಬ್ಬರ ಹೇರಿ, ಎರಡು ಕಿಲೋಮೀಟರ್ ಹೋಗಿ ಬಂದೆವು. ಆಮೇಲೆ ಚಾಪೆ ಹಾಸಿ ಮಲಗಿ ಟಾರ್ಚ್ ಬಿಟ್ಟು ನೋಡಿದರೆ, ಚಾಸಿಯ ನಡುಭಾಗದ ಸುಣ್ಣ ಮದುವೆ ಮನೆಯ ಗೋಡೆಯಷ್ಟು ಶುಭ್ರ. ಕೆತ್ತಿಹೋಗಿದ್ದದ್ದು ಎರಡು ಕಡೆ. ಒಂದು, ಪಕ್ಕದ ಫುಟ್‌ಬೋರ್ಡುಗಳು. ಇನ್ನೊಂದು, ಹಿಂದಿನ ಆಕ್ಸಲ್ಲಿನ ನಡುವಿನ ಗುಂಡು, ಅಂದರೆ ಡಿಫರೆನ್ಷಿಯಲ್ ಹೌಸಿಂಗ್.

ಹೌಸಿಂಗ್ ವಿಷಯದಲ್ಲಿ ಎರಡು ಇಂಚಿನ ಲಿಫ್ಟ್ ಅನ್ನು ಎಷ್ಟು ದುಡ್ಡು ಕೊಟ್ಟು ತಂದರೂ ಪ್ರಯೋಜನವಿಲ್ಲ. ಫಾರ್ಚುನರ್‌ನ ಹಿಂಭಾಗದಲ್ಲಿ ಎರಡೂ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಆಕ್ಸಲ್. ಸ್ಪ್ರಿಂಗು ನಿಂತಿರುವುದು ಅದರ ಮೇಲೆ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟರೆ ಮಂಚ ಏಳುತ್ತದೆ, ಇಟ್ಟಿಗೆಯ ಕೆಳಗಿನ ನೆಲ ಏಳುವುದಿಲ್ಲ. ಹೌಸಿಂಗನ್ನು ಎತ್ತಬಲ್ಲದ್ದು ಟೈರ್ ಒಂದೇ. ಭಾವನ ಗಾಡಿಯ ಟೈರಿನ ಮೇಲೆ 265/60 ಆರ್ 18 ಎಂದಿತ್ತು: ಅಡ್ಡಳತೆ 775 ಮಿಲಿಮೀಟರ್. ಇದರ ಬದಲು 265/65 ಹಾಕಿದರೆ 802. ಏರಿಕೆ ಅದರ ಅರ್ಧ, 13 ಮಿಲಿಮೀಟರ್. ಜೊತೆಗೆ ಸ್ಪೀಡೋಮೀಟರು 60 ತೋರಿಸುವಾಗ ಗಾಡಿ 62ರಲ್ಲಿ ಇರುತ್ತದೆ.

ಇನ್ನೊಂದು ಅಳತೆಯನ್ನೂ ತೆಗೆದೆವು, ಆಕ್ಸಲ್ಲಿನ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಭಾರ ಹೊರುವ ಗಾಡಿಗಳ ಹಿಂಭಾಗವನ್ನು ಕಾರ್ಖಾನೆಯವರು ಬೇಕೆಂದೇ ತುಸು ಎತ್ತರ ಇಟ್ಟಿರುತ್ತಾರೆ. ಇಲ್ಲಿ ಮೂಟೆ ಹೇರಿದಾಗ ಹಿಂಭಾಗ ಮುಂಭಾಗಕ್ಕಿಂತ ಮೂರು ಬೆರಳು ಕೆಳಗಿತ್ತು. ವರ್ಷಗಟ್ಟಲೆ ಗೊಬ್ಬರ ಹೊತ್ತ ಸ್ಪ್ರಿಂಗುಗಳು ಕೂತುಬಿಟ್ಟಿದ್ದವು. ಭಾವನಿಗೆ ಬೇಕಾಗಿದ್ದದ್ದು ಹೊಸ ಎತ್ತರವಲ್ಲ, ಕಳೆದುಹೋದ ಹಳೆಯದು.

ಆದರೂ ಅವರಿಗೆ ಆಸೆ ಪೂರ್ತಿ ಹೋಗಿರಲಿಲ್ಲ. "ಹೊಸ ಸ್ಪ್ರಿಂಗು ಹಾಕ್ಸೋದೇ ಆದ್ರೆ ನಾಲ್ಕಿಂಚಿನದೇ ಹಾಕ್ಸಿಬಿಡೋಣ್ವಾ? ನೋಡೋಕೂ ಒಂದು ಗತ್ತಿರುತ್ತೆ." ಗತ್ತಿನ ಬೆಲೆಯನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಎಡ ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗಾಡಿಯ ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ, ಮಗುಚಿಕೊಳ್ಳುವುದಕ್ಕೆ ಗಾಡಿ ಎಷ್ಟು ಹಟ ಮಾಡುತ್ತದೆ ಎಂಬುದರ ಅಳತೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2001ರ ಮಾದರಿಗಳಿಂದ ಇದನ್ನೇ ಹಿಡಿದು ನಕ್ಷತ್ರ ಕೊಡತೊಡಗಿತು. ಅಂತರ 1550 ಮಿಲಿಮೀಟರ್, ಗುರುತ್ವಕೇಂದ್ರ 700ರಲ್ಲಿ ಎಂದುಕೊಂಡರೆ ಬರುವುದು 1.11. ಎರಡು ಇಂಚು ಎತ್ತಿದಾಗ ಆಕ್ಸಲ್ಲು, ಚಕ್ರ ನೆಲದಲ್ಲೇ ಉಳಿಯುವುದರಿಂದ ಗುರುತ್ವಕೇಂದ್ರ ಏರುವುದು ಸುಮಾರು 40 ಮಿಲಿಮೀಟರ್, ಸಂಖ್ಯೆ 1.05ಕ್ಕೆ ಇಳಿಯುತ್ತದೆ. ಇದಕ್ಕೆ ಹೆದರಿ ಓಡಬೇಕಿಲ್ಲ, ತಿರುವಿನ ವೇಗದಲ್ಲಿ ಇದು ಶೇ. 3ರಷ್ಟೂ ಅಲ್ಲ. ನಾಲ್ಕು ಇಂಚಿಗೆ ಸಂಖ್ಯೆ 1ಕ್ಕಿಂತ ಕೆಳಗೆ. ಒಣ ಟಾರಿನ ಮೇಲೆ ಟೈರಿನ ಹಿಡಿತ ಸುಮಾರು 0.8, 0.9 ಇರುತ್ತದೆ, ಸಂಖ್ಯೆ ಅದಕ್ಕಿಂತ ಸಾಕಷ್ಟು ಮೇಲಿದ್ದಷ್ಟು ಕಾಲ ಗಾಡಿ ಮೊದಲು ಜಾರುತ್ತದೆ, ಮಗುಚುವುದಿಲ್ಲ. ಹತ್ತಿರ ಬಂದಂತೆ ಆ ಭರವಸೆ ಸವೆಯುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಎದುರಿಗೆ ಬಂದ ಲಾರಿಗೆ ದಾರಿ ಬಿಡಲು ಚಕ್ರವನ್ನು ಮಣ್ಣಿಗಿಳಿಸಿ, ಅಲ್ಲಿ ಒಂದು ಕಲ್ಲು ತಡೆದರಂತೂ ಈ ಲೆಕ್ಕವೂ ಇಲ್ಲ.

ಕಾನೂನಿನ ಮಾತು ಒಂದೇ ಉಸಿರಿಗೆ ಮುಗಿಸುತ್ತೇನೆ. ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಎತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಅಪಘಾತವಾದರೆ ವಿಮೆಯವರು ಟಾರ್ಚ್ ಹಿಡಿದು ನೋಡುವುದೂ ಇದನ್ನೇ. ಸವೆದ ಸ್ಪ್ರಿಂಗು ಬಿಚ್ಚಿ ಮೂಲ ಎತ್ತರಕ್ಕೆ ತರುವುದು ಬೇರೆ, ಗತ್ತಿಗೆ ಎತ್ತುವುದು ಬೇರೆ.

ಭಾವ ಕೊನೆಗೆ ಕೊಂಡದ್ದು ಹಿಂದಿನ ಎರಡು ಹೊಸ ಸ್ಪ್ರಿಂಗು, ನಾಲ್ಕು ಶಾಕ್ ಅಬ್ಸಾರ್ಬರು. ಕೆಲಸ ಮುಗಿಯುವ ಹೊತ್ತಿಗೆ ಗ್ಯಾರೇಜಿನ ಹುಡುಗ ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಆರ್ಮಿನ ಬೋಲ್ಟು ಬಿಗಿಯತೊಡಗಿದ. ಮೇಸ್ತ್ರಿ ಗದರಿದರು: "ನೆಲಕ್ಕೆ ಇಳಿಸಿ ಟೈಟ್ ಮಾಡೋ!" ಬುಷ್ಷಿನೊಳಗಿನ ರಬ್ಬರು ತಿರುಚಿಕೊಂಡು ಕೆಲಸ ಮಾಡುತ್ತದೆ. ಜೋತಾಡುವಾಗ ಬಿಗಿದರೆ, ಗಾಡಿ ಇಳಿಸಿದ ಕ್ಷಣದಿಂದ ಅದು ತಿರುಚಿದ ಸ್ಥಿತಿಯಲ್ಲೇ ಬದುಕಬೇಕು, ಬೇಗ ಹರಿಯುತ್ತದೆ. ದುಬಾರಿ ಕಿಟ್ ಹಾಕಿಸಿಯೂ ಆರು ತಿಂಗಳಿಗೆ ಕಿರುಗುಟ್ಟುತ್ತಿದೆ ಎಂದು ದೂರುವವರಲ್ಲಿ ಕೆಲವರ ಕತೆ ಇಷ್ಟೇ ಇರಬಹುದು. ಫುಟ್‌ಬೋರ್ಡುಗಳನ್ನು ಬಿಚ್ಚಿ ಷೆಡ್ಡಿಗೆ ಹಾಕಿದ್ದಾಯಿತು. ಅತ್ತೆಯವರು ಹತ್ತುವುದಕ್ಕೆ ಒಂದು ಮಣೆ ಈಗ ಡಿಕ್ಕಿಯಲ್ಲಿರುತ್ತದೆ. ಒಟ್ಟು ಖರ್ಚು ಅರ್ಧ ಲಕ್ಷದೊಳಗೆ.

ಮತ್ತೆ ಸುಣ್ಣ ಬಳಿದು, ಮತ್ತೆ ಆರು ಮೂಟೆ ಹೇರಿ ಹೋಗಿಬಂದೆವು. ಈ ಸಲ ಗೀರಿದ್ದದ್ದು ಒಂದೇ ಕಡೆ, ಹೌಸಿಂಗಿನ ಕೆಳತುಟಿ. ದಾರಿಯಲ್ಲಿ ವಾಪಸ್ ನಡೆದುಕೊಂಡು ಹೋಗಿ ನೋಡಿದರೆ, ಎರಡನೇ ತಿರುವಿನ ಬಳಿ ಒಂದು ಕಲ್ಲಿನ ನೆತ್ತಿಯ ಮೇಲೆ ಬೆಳ್ಳಗೆ ಸುಣ್ಣ ಅಂಟಿತ್ತು. ಇಬ್ಬರು ಆಳುಗಳು ಹಾರೆ ಹಾಕಿ ಮೀಟಿದರು. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಮೇಲೆ ಬಂದದ್ದು ಒಳ್ಳೆಯ ಚಪ್ಪಟೆ ಕಲ್ಲು. ಲೈನ್ ಮನೆಯವರು ಅದನ್ನು ಉರುಳಿಸಿಕೊಂಡು ಹೋಗಿ ಬಟ್ಟೆ ಒಗೆಯುವುದಕ್ಕೆ ಹಾಕಿಕೊಂಡಿದ್ದಾರೆ.